ಈ ಊರಿನಲ್ಲಿ ಇಲ್ಲದ ಕೆಲಸ

ನನ್ನ ಅಪ್ಪ ಮೂವತ್ತು ವರ್ಷ ಮಲದ ಗುಂಡಿಗೆ ಇಳಿದಿದ್ದಾನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗೆಡ್ಡಪೇಟೆಯ ಮುನಿಸಿಪಾಲಿಟಿಯವರ ಕೈಯಲ್ಲಿ ಈ ಒಂದು ಮಾತು ಬರೆಸಲು ನಾನೂ ನನ್ನ ತಂಗಿಯೂ ಹನ್ನೆರಡು ದಿನ ಅಲೆದೆವು. ಬರೆಯಲಿಲ್ಲ.

ಅಪ್ಪನ ಹೆಸರು ಸಿಂಹಾಚಲಂ. ಊರಿನಲ್ಲಿ ಯಾರೂ ಆ ಹೆಸರು ಹಿಡಿದು ಕರೆಯುವುದಿಲ್ಲ. ಗುಂಡಿ ತುಂಬಿದ ಮನೆಯವರು ನಮ್ಮ ರೆಲ್ಲಿ ಜಾತಿಯವರ ಕೇರಿಯ ತುದಿಯಲ್ಲಿ ಗಾಡಿ ನಿಲ್ಲಿಸಿ ಹಾರ್ನ್ ಹೊಡೆಯುತ್ತಾರೆ. ಕೇರಿಯೊಳಕ್ಕೆ ಬರುವುದಿಲ್ಲ. ಒಂದು ಸಲ ಹೊಡೆದರೆ ಚರಂಡಿ. ಎರಡು ಸಲ ಹೊಡೆದರೆ ಗುಂಡಿ. ಎರಡು ಸಲ ಕೇಳಿದರೆ ಅಪ್ಪ ಅಂಬಲಿಯ ತಟ್ಟೆಯನ್ನು ಅಲ್ಲೇ ಬಿಟ್ಟು ಏಳುತ್ತಿದ್ದ.

ಇಳಿಯುವ ಮುಂಚೆ ಮೈಗೆಲ್ಲ ಎಣ್ಣೆ ಬಳಿದುಕೊಳ್ಳಬೇಕು. ಒಂದು ಚಡ್ಡಿ. ಸೊಂಟಕ್ಕೆ ಹಗ್ಗ. ಹಗ್ಗದ ಇನ್ನೊಂದು ತುದಿ ಗುರುವುಲು ಚಿಕ್ಕಪ್ಪನ ಕೈಯಲ್ಲಿ. ಒಳಗೆ ಎದೆಮಟ್ಟ. ಬಕೆಟ್ ತುಂಬಿ ತಲೆಯ ಮೇಲಕ್ಕೆ ಎತ್ತಿಕೊಡಬೇಕು. ಎತ್ತುವಾಗ ಅದು ಮುಖದ ಮೇಲೆ ಸೋರುತ್ತದೆ. ಬಾಯಿ ಬಿಗಿದುಕೊಂಡಿರಬೇಕು. ಅಪ್ಪನ ಕಾಲ್ಬೆರಳ ಸಂದುಗಳು ಒಣಗಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಮನೆಗೆ ಬಂದು ಸೋಪು ಹಚ್ಚಿ ಹಚ್ಚಿ ತಿಕ್ಕಿಕೊಂಡ ಮೇಲೂ ಅವನು ತಂಗಿಯ ಪುಸ್ತಕ ಮುಟ್ಟುತ್ತಿರಲಿಲ್ಲ.

ನಾನು ಪೈಡಮ್ಮ. ಅವ್ವ ಸತ್ತಾಗ ನಾನು ಒಂಬತ್ತನೇ ಕ್ಲಾಸು. ಅವ್ವ ಬೀದಿ ಗುಡಿಸುತ್ತಿದ್ದಳು. ಹದಿಮೂರನೇ ದಿನ ಮುನಿಸಿಪಾಲಿಟಿ ಮೇಸ್ತ್ರಿ ಗೌರೀಶು ಬಂದು ಅವಳ ಪೊರಕೆಯನ್ನು ನನ್ನ ಕೈಗೆ ಕೊಟ್ಟ. ಹನ್ನೊಂದು ವರ್ಷ ಅದನ್ನು ಹಿಡಿದೆ. ನನ್ನ ಬೆನ್ನು ಬಾಗಿದರೂ ತಂಗಿಯ ಬೆನ್ನು ಬಾಗಬಾರದು ಅಂದುಕೊಂಡೇ ಗುಡಿಸಿದೆ.

ತಂಗಿ ನೂಕರತ್ನ ಎಂಟನೇ ಕ್ಲಾಸಿನಲ್ಲಿದ್ದಾಗ ನಮ್ಮ ಅಪ್ಪಲಸ್ವಾಮಿ ಮಾವ ಸಿನಿಮಾ ಟಾಕೀಸಿನ ಗುಂಡಿಯಲ್ಲಿ ಸತ್ತ. ಕುಡಿದು ಕಾಲು ಜಾರಿ ಬಿದ್ದ ಎಂದು ಬರೆದರು. ಅದು ಮಾವ ಅಯ್ಯಪ್ಪನ ಮಾಲೆ ಹಾಕಿದ್ದ ತಿಂಗಳು. ಹನಿ ಮುಟ್ಟಿರಲಿಲ್ಲ. ನಾವೆಲ್ಲ ಅತ್ತೆವು. ನೂಕರತ್ನ ಮಾತ್ರ ಸ್ಕೂಲಿಗೆ ಹೋಗಿ, ಗುಂಡಿಯಲ್ಲಿ ಮನುಷ್ಯ ಹೇಗೆ ಸಾಯುತ್ತಾನೆ ಎಂದು ಸೈನ್ಸ್ ಮೇಷ್ಟ್ರನ್ನು ಕೇಳಿಕೊಂಡು ಬಂದಳು. ಬಂದು ಅಪ್ಪನ ಎದುರು ಕೂತಳು.

“ಅಪ್ಪ, ಕೊಳೆತ ಮೊಟ್ಟೆ ವಾಸನೆ ಬರುತ್ತಲ್ಲ, ಅದು ಬಂದ್ರೆ ಹೆದರು. ಅದು ಇದ್ದಕ್ಕಿದ್ದಂಗೆ ನಿಂತ್ಹೋದ್ರೆ ಇನ್ನೂ ಹೆದರು. ಗಾಳಿ ಚೆನ್ನಾಗಾಯ್ತು ಅಂದ್ಕೋಬೇಡ. ನಿನ್ನ ಮೂಗು ಸತ್ತಿದೆ ಅಂತ ಅರ್ಥ. ತಕ್ಷಣ ಹಗ್ಗ ಎಳಿ.”

ಅಪ್ಪ ಆಮೇಲೆ ಎರಡು ಸಲ ಹಾಗೆ ಹಗ್ಗ ಎಳೆದಿದ್ದಾನೆ. ಬದುಕಿ ಬಂದಿದ್ದಾನೆ.

ಹೀಗೆ ಶುರುವಾದದ್ದು ನಿಲ್ಲಲಿಲ್ಲ. ಹತ್ತನೇ ಕ್ಲಾಸು ಮುಗಿಸಿ ಇಂಟರ್‌ನಲ್ಲಿ ಜೀವಶಾಸ್ತ್ರ ತಗೊಂಡಳು. ಕಾಲೇಜಿಗೇ ಎರಡನೆಯವಳಾಗಿ ಪಾಸಾದಳು. ವಿಶಾಖಪಟ್ಟಣದ ಒಂದು ಕಾಲೇಜಿನಲ್ಲಿ ಲ್ಯಾಬ್ ಟೆಕ್ನಾಲಜಿ ಡಿಗ್ರಿಗೆ ಸೀಟು ಬಂತು. ಫೀಸು ನಮ್ಮ ಕೈಗೆ ಎಟುಕುವಂಥದ್ದಲ್ಲ. ಆಗ ಕಾಲೇಜಿನ ಮೇಷ್ಟ್ರೊಬ್ಬರು ಒಂದು ವಿದ್ಯಾರ್ಥಿವೇತನದ ವಿಷಯ ಹೇಳಿದರು. ಗುಂಡಿ, ಚರಂಡಿ ಶುಚಿ ಮಾಡುವವರ ಮಕ್ಕಳು ವಿಜ್ಞಾನವನ್ನೋ ವೈದ್ಯಕೀಯದ ಕೋರ್ಸನ್ನೋ ಓದಿದರೆ ಫೀಸು, ಹಾಸ್ಟೆಲ್ಲು, ಪುಸ್ತಕ ಎಲ್ಲ ಅವರದೇ. ಅರ್ಜಿಯ ಜೊತೆ ಎಂಟು ಕಾಗದ ಇಡಬೇಕು. ಏಳು ನಾಲ್ಕೇ ದಿನದಲ್ಲಿ ಕೂಡಿದವು. ಎಂಟನೆಯದು ಮುನಿಸಿಪಾಲಿಟಿ ಕೊಡಬೇಕಾದದ್ದು. ಅರ್ಜಿದಾರಳ ತಂದೆ ಮಲದ ಗುಂಡಿ ಶುಚಿ ಮಾಡುವ ಕೆಲಸದವನು ಎಂಬ ಒಂದು ಸಾಲು, ಕೆಳಗೆ ಒಂದು ಸಹಿ, ಒಂದು ಸೀಲು.

“ಇದು ಸುಲಭದ್ದು ಕಣೇ,” ಎಂದೆ ನಾನು. “ಊರಿಗೇ ಗೊತ್ತಿರೋ ವಿಷಯ.”

ಮೊದಲ ದಿನ ಗುಮಾಸ್ತನ ಕಿಟಕಿಯಲ್ಲಿ ನಿಂತೆವು. ನೂಕರತ್ನ ಕಾಗದ ಚಾಚಿದಳು. ಅವನು ಕೈ ಚಾಚಲಿಲ್ಲ.

“ಅಲ್ಲೇ ಇಡು.”

ಇಟ್ಟಳು. ಅವನು ಮರದ ಸ್ಕೇಲಿನಿಂದ ಅದನ್ನು ತನ್ನ ಕಡೆಗೆ ಎಳೆದುಕೊಂಡ.

“ಯಾರ ಮಗಳು?”

“ಸಿಂಹಾಚಲಂ ಮಗಳು ಬಾಬು.”

“ಯಾವ ಸಿಂಹಾಚಲಂ? ಓ, ಎರಡು ಹಾರ್ನಿನೋನು!” ನಕ್ಕ. ಪಕ್ಕದವನಿಗೂ ಹೇಳಿ ಇನ್ನೊಮ್ಮೆ ನಕ್ಕ. “ಸೋಮವಾರ ಬಾ. ಹೆಲ್ತ್ ಆಫೀಸರ್ ಹತ್ರ ಹೋಗಬೇಕು ಇದು.”

ಸೋಮವಾರ ಹೋದೆವು. ನಾನು ಡ್ಯೂಟಿಯ ಮಧ್ಯೆ ಹೋದವಳು. ಪೊರಕೆಯನ್ನು ಹೊರಗಿನ ಗೋಡೆಗೆ ಒರಗಿಸಿ ಬಾಗಿಲಲ್ಲೇ ನಿಂತೆ. ತಂಗಿ ಒಳಗೆ ಹೋದಳು. ಹೆಲ್ತ್ ಆಫೀಸರ್ ಟೀ ಕುಡಿಯುತ್ತಿದ್ದ. ಅವಳಿಗೆ ಕೂರು ಎನ್ನಲಿಲ್ಲ. ಎದುರಿಗೆ ಮೂರು ಕುರ್ಚಿ ಖಾಲಿ ಇದ್ದವು.

“ಏನು ಓದ್ತೀಯ?”

“ಲ್ಯಾಬ್ ಟೆಕ್ನಾಲಜಿ ಸಾರ್. ರಕ್ತ, ಮೂತ್ರ, ಮಲ ಪರೀಕ್ಷೆ ಮಾಡೋದು.”

“ಹಂಗಾದ್ರೆ ಕುಲಕಸುಬೇ ಬಿಡು. ಅಪ್ಪ ಗುಂಡೀಲಿ, ಮಗಳು ಡಬ್ಬೀಲಿ.”

ಗುಮಾಸ್ತ ನಕ್ಕ. ಜವಾನ ನಕ್ಕ. ತಂಗಿಯ ಕುತ್ತಿಗೆಯ ನರ ಎದ್ದದ್ದು ಬಾಗಿಲಿಂದಲೇ ನನಗೆ ಕಂಡಿತು. ಆಫೀಸರ್ ಕಾಗದ ಓದಿದ. ಓದುತ್ತಿದ್ದಂತೆ ಅವನ ಮುಖದ ನಗು ಹೋಯಿತು.

“ಇದಕ್ಕೆ ಸೈನ್ ಹಾಕಕ್ಕಾಗಲ್ಲ.”

“ಯಾಕೆ ಸಾರ್?”

“ನಮ್ಮೂರಲ್ಲಿ ಈ ಕೆಲಸಾನೇ ಇಲ್ಲ. ಎಷ್ಟು ಜನ ಗುಂಡಿಗೆ ಇಳೀತಾರೆ ಅಂತ ಮೇಲಿನೋರು ಕೇಳಿದ್ರು, ಸೊನ್ನೆ ಅಂತ ಬರ್ಕೊಟ್ಟಿದೀವಿ. ಮೂರು ವರ್ಷ ಆಯ್ತು.”

“ಈಗ ನೀವೇ ಅಂದ್ರಲ್ಲ ಸಾರ್, ಅಪ್ಪ ಗುಂಡೀಲಿ ಅಂತ.”

“ತಮಾಷೆಗಂದೆ. ತಮಾಷೆ ಬೇರೆ, ಸೀಲು ಬೇರೆ.” ಟೀ ಲೋಟ ಕೆಳಗಿಟ್ಟ. “ನೋಡಮ್ಮ, ಮನುಷ್ಯರನ್ನ ಗುಂಡಿಗೆ ಇಳಿಸೋದು ಅಪರಾಧ. ಇವನು ಇಳೀತಾನೆ ಅಂತ ನಾನು ಬರ್ದರೆ, ಇಳಿಸಿದ್ದು ಯಾರು ಅಂತ ನನ್ನನ್ನೇ ಕೇಳ್ತಾರೆ. ಕೂಲಿ ಅಂತ ಹಾಕ್ಕೊಡ್ತೀನಿ. ತಗೊಂಡು ಹೋಗು.”

“ಕೂಲಿ ಅಂದ್ರೆ ಇದು ಸಿಗಲ್ಲ ಸಾರ್.”

“ಹಂಗಾದ್ರೆ ನಿನ್ನ ಹಣೇಲಿ ಬರೆದಿಲ್ಲ.”

ಹೊರಗೆ ಬಂದೆವು. ನಾನು ಪೊರಕೆ ತಗೊಂಡೆ. ಆ ಆಫೀಸಿನ ಮೆಟ್ಟಿಲನ್ನು ಆವತ್ತು ಬೆಳಗ್ಗೆ ಗುಡಿಸಿದವಳು ನಾನೇ.

ಸೈನ್ಸ್ ಮೇಷ್ಟ್ರು ಒಂದು ದಾರಿ ಹೇಳಿದರು. ಅಪ್ಪ ಯಾರ ಯಾರ ಮನೆಯ ಗುಂಡಿಗೆ ಇಳಿದಿದ್ದಾನೋ ಅವರಿಂದ ಎರಡು ಸಾಲು ಬರೆಸಿ ತನ್ನಿ, ಆಫೀಸಿನವರು ಒಪ್ಪಬಹುದು ಎಂದರು. ಅಪ್ಪ ಇಳಿಯದ ಬೀದಿ ಈ ಊರಿನಲ್ಲಿಲ್ಲ. ಮೂರು ದಿನ ತಿರುಗಿದೆವು. ಒಬ್ಬ ವಕೀಲರು ಬಾಗಿಲು ಅರ್ಧ ತೆರೆದು, “ನಮ್ಮದಕ್ಕೆ ಮೆಷಿನ್ ತರಿಸಿದ್ದು,” ಎಂದರು. ಹೋದ ಸಂಕ್ರಾಂತಿಗೆ ಅವರ ಗುಂಡಿಯಲ್ಲಿ ಗಾಜು ತುಳಿದು ಅಪ್ಪ ಒಂದು ತಿಂಗಳು ಕುಂಟಿದ್ದ. ನರ್ಸಿಂಗ್ ಹೋಮಿನ ಡಾಕ್ಟರಮ್ಮ ಒಳಗಿದ್ದುಕೊಂಡೇ ಊರಲ್ಲಿಲ್ಲ ಎಂದು ಹೇಳಿಸಿದಳು.

ಕೊನೆಗೆ ಸುವರ್ಚಲ ಮೇಡಂ ಮನೆಗೆ ಹೋದೆವು. ಅವರು ನೂಕರತ್ನಳ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್. ಅವಳನ್ನು ಕಂಡರೆ ಅವರಿಗೆ ಪ್ರೀತಿ. ಸೀಟು ಬಂದದ್ದು ಕೇಳಿ ಕಣ್ಣಲ್ಲಿ ನೀರು ತಂದುಕೊಂಡರು. ಮೈಸೂರುಪಾಕು ತಂದು ಕೊಟ್ಟರು. ಪೇಪರಿನ ಮೇಲೆ ಇಟ್ಟು ಕೊಟ್ಟರು.

“ನಿನಗೆ ಎಂಥ ಸರ್ಟಿಫಿಕೇಟ್ ಬೇಕಾದ್ರೂ ಕೊಡ್ತೀನಮ್ಮ. ನಡತೆಗೆ, ಓದಿಗೆ, ಶಿಸ್ತಿಗೆ. ಹತ್ತು ಬರ್ದುಕೊಡ್ತೀನಿ.”

“ಅದೆಲ್ಲ ಬೇಡ ಮೇಡಂ. ನಮ್ಮಪ್ಪ ನಿಮ್ಮ ಗುಂಡಿಗೆ ಇಳಿದಿದ್ದಾನೆ ಅಂತ ಬರ್ದುಕೊಡಿ. ಹೋದ ವರ್ಷ ಗೌರಿಹಬ್ಬದ ಹಿಂದಿನ ದಿನ.”

ಮೇಡಂ ಸೆರಗು ಸರಿಮಾಡಿಕೊಂಡರು.

“ಅದು ಹೆಂಗಾಗುತ್ತೆ? ನಾನು ಸರ್ಕಾರಿ ನೌಕರಿಯವಳು. ಮೆಮೋ ಕೊಟ್ಟುಬಿಡ್ತಾರೆ. ನೀನು ಜಾಣೆ, ನಿನಗೆ ಅರ್ಥ ಆಗುತ್ತೆ.”

ನೂಕರತ್ನ ಮೈಸೂರುಪಾಕನ್ನು ಪೇಪರಿನ ಸಮೇತ ಜಗಲಿಯ ಮೇಲಿಟ್ಟಳು. ಬೀದಿಗೆ ಬಂದ ಮೇಲೆ ಹೇಳಿದಳು: “ಎಲ್ಲಾರೂ ನನ್ನನ್ನೇ ಜಾಣೆ ಅಂತಾರೆ ಅಕ್ಕ. ಎಲ್ಲಾದಕ್ಕೂ ನಾನೇ ಅರ್ಥ ಮಾಡ್ಕೋಬೇಕು.”

ಅರ್ಜಿಗೆ ಇನ್ನು ಮೂರು ದಿನ ಉಳಿದಿತ್ತು. ಜಿಲ್ಲಾ ಆಫೀಸಿನಲ್ಲಿ ದೂರು ಕೊಡಬಹುದೆಂದು ಯಾರೋ ಹೇಳಿದರು. ಅದಕ್ಕೆ ಮುನಿಸಿಪಾಲಿಟಿ ನಿರಾಕರಿಸಿದ್ದು ಬರಹದಲ್ಲಿ ಬೇಕು. ನೂಕರತ್ನ ಮತ್ತೆ ಹೋದಳು. “ಕೊಡಲ್ಲ ಅನ್ನೋದನ್ನಾದ್ರೂ ಬರ್ದುಕೊಡಿ” ಎಂದು ಆಫೀಸಿನ ಜಗಲಿಯಲ್ಲಿ ಕೂತಳು. ಒಂದು ಹಗಲು ಕೂತಳು. ನೀರು ಕೇಳಿದ್ದಕ್ಕೆ ಜವಾನ ಚರಂಡಿ ಪಕ್ಕದ ನಲ್ಲಿ ತೋರಿಸಿದ. ಮಾರನೆಯ ದಿನವೂ ಕೂತಳು. ಮಧ್ಯಾಹ್ನ ಆಫೀಸರ್ ಬರೆಸಿಕೊಟ್ಟ. ಅಂಥ ಕಾಗದ ತನಗೂ ಒಳ್ಳೆಯದೇ ಎಂದು ಅವನಿಗೆ ತೋರಿರಬೇಕು. ಕಾಪಿಯನ್ನು ಫೈಲಿಗೂ ಹಾಕಿಸಿದ.

ಸಂಜೆ ಅವಳು ಅದನ್ನು ಅಪ್ಪನಿಗೆ ಓದಿ ಹೇಳಿದಳು. “ಗೆಡ್ಡಪೇಟೆ ಪುರಸಭೆಯ ವ್ಯಾಪ್ತಿಯಲ್ಲಿ ಮಲದ ಗುಂಡಿಗೆ ಇಳಿಯುವ ಕೆಲಸದವರು ಒಬ್ಬರೂ ಇರುವುದಿಲ್ಲ. ಸಿಂಹಾಚಲಂ ಎಂಬುವರು ಅಂಥ ಕೆಲಸ ಎಂದೂ ಮಾಡಿರುವುದಿಲ್ಲ.”

ಅಪ್ಪ ತನ್ನ ಅಂಗೈ ನೋಡಿಕೊಂಡ.

“ಇನ್ನೊಂದ್ಸಲ ಓದು.”

ಓದಿದಳು.

“ಹಂಗಾದ್ರೆ ಮೂವತ್ತು ವರ್ಷ ನಾನೆಲ್ಲಿದ್ದೆ?” ಎಂದು ಕೇಳಿದ. ಒಣಮೀನು ಹುರಿದಿದ್ದೆ. ಅವನು ತಿನ್ನಲಿಲ್ಲ.

ಮರುದಿನವೇ ಅರ್ಜಿಯ ಕೊನೇ ದಿನ. ಬೆಳಗ್ಗೆ ಜಿಲ್ಲಾ ಆಫೀಸಿಗೆ ಬಸ್ಸು ಹಿಡಿಯಬೇಕೆಂದು ನಾವು ಹೊರಡುತ್ತಿದ್ದೆವು. ಮೇಸ್ತ್ರಿ ಗೌರೀಶುವಿನ ಬೈಕು ಹಾರ್ನ್ ಹೊಡೆಯಿತು. ಎರಡು ಸಲ ಅಲ್ಲ, ಬಿಡದೆ ಹೊಡೆಯಿತು.

“ಸಿಂಹಾಚಲಂ! ಬೇಗ ಬಾರೋ! ಆಫೀಸಿನ ಗುಂಡಿ ಉಕ್ತಾ ಇದೆ. ಊರು ಸ್ವಚ್ಛ ಐತಾ ಅಂತ ನೋಡೋಕೆ ಹನ್ನೆರಡಕ್ಕೆ ಮೇಲಿನೋರು ಬರ್ತಾರೆ. ಸಾಹೇಬ್ರು ಒದ್ದಾಡ್ತಾವ್ರೆ!”

ಅಪ್ಪ ಎದ್ದ. ಮೂಲೆಯ ಹಗ್ಗವನ್ನೂ ಎಣ್ಣೆ ಬಾಟಲಿಯನ್ನೂ ತಗೊಂಡ. ಮೂವತ್ತು ವರ್ಷದ ರೂಢಿ. ಕಾಲು ತಾನೇ ನಡೆಯುತ್ತದೆ. ಗುರುವುಲು ಚಿಕ್ಕಪ್ಪ ಹಿಂದೆ ಬಂದ. ನೂಕರತ್ನ ಕಾಗದದ ಚೀಲ ಹಿಡಿದು ನನ್ನ ಮುಖ ನೋಡಿದಳು. ಬಸ್ಸು ಬಿಟ್ಟು ನಾವೂ ಹೋದೆವು.

ಆಫೀಸಿನ ಹಿಂಭಾಗದಲ್ಲಿ ಚಪ್ಪಡಿ ಸರಿಸಿದ್ದರು. ಕಪ್ಪುನೀರು ಜಗಲಿಯ ಕಡೆಗೆ ಹರಿಯುತ್ತಿತ್ತು. ಆಫೀಸರ್ ಮೂಗಿಗೆ ಕರ್ಚೀಫು ಹಿಡಿದು ನಿಂತಿದ್ದ. ಗುಮಾಸ್ತರೆಲ್ಲ ಕಿಟಕಿಗಳಲ್ಲಿದ್ದರು.

“ಏನೋ ಇಷ್ಟೊತ್ತು? ಇಳಿ, ಇಳಿ.”

ಅಪ್ಪ ಅಂಗಿ ಬಿಚ್ಚಿದ. ಅಂಗೈಗೆ ಎಣ್ಣೆ ಸುರಿದುಕೊಂಡ. ಒಂದು ತೋಳಿಗೆ ಬಳಿದ. ಇನ್ನೊಂದು ತೋಳಿಗೆ ಬಳಿಯಲಿಲ್ಲ. ಗುಂಡಿಯೊಳಗೆ ಬಗ್ಗಿ ನೋಡಿದ. ಆಮೇಲೆ ತಂಗಿಯ ಕಡೆ ತಿರುಗಿದ.

“ಮಗಾ, ಆ ಕಾಗದ ತಂದಿದೀಯಾ?”

“ಹೂಂ ಅಪ್ಪ.”

“ಓದು. ಗಟ್ಟಿಯಾಗಿ.”

ನೂಕರತ್ನ ಓದಿದಳು. ಅಂಥ ಕೆಲಸದವರು ಒಬ್ಬರೂ ಇರುವುದಿಲ್ಲ. ಸಿಂಹಾಚಲಂ ಎಂಬುವರು ಅಂಥ ಕೆಲಸ ಎಂದೂ ಮಾಡಿರುವುದಿಲ್ಲ. ಸಹಿ ಯಾರದೆಂದು ಓದಿದಳು. ತಾರೀಖು ಓದಿದಳು.

ಅಪ್ಪ ಅಂಗಿಯನ್ನು ಮತ್ತೆ ತೊಟ್ಟುಕೊಂಡ. ಎಣ್ಣೆಯ ಕೈಯಲ್ಲಿ ಅಂಗಿಯ ಗುಂಡಿ ಜಾರುತ್ತಿತ್ತು. ನಿಧಾನವಾಗಿ ಒಂದೊಂದೇ ಹಾಕಿಕೊಂಡ.

“ನಾನು ಇಲ್ವಲ್ಲ ಬಾಬು,” ಎಂದ. “ಇಲ್ಲದೋನು ಇಳಿಯೋದು ಹೆಂಗೆ?”

ಅಪ್ಪ ದೊಡ್ಡವರೆದುರು ಇಷ್ಟುದ್ದ ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಅವನು ಹೋಗಿ ಸರಿಸಿಟ್ಟ ಚಪ್ಪಡಿಯ ಮೇಲೆ ಕೂತ.

“ಏಯ್, ತಮಾಷೆ ಮಾಡ್ತಿದೀಯೇನೋ?” ಆಫೀಸರ್ ಕಿರುಚಿದ.

ನನ್ನ ಬಾಯಿ ತಾನೇ ತೆರೆಯಿತು. “ತಮಾಷೆ ಬೇರೆ, ಸೀಲು ಬೇರೆ ಸಾರ್. ಇದು ಸೀಲು.”

ಅವನು ನನ್ನನ್ನು ಆಗಷ್ಟೇ ಕಂಡವನಂತೆ ನೋಡಿದ. ಹನ್ನೊಂದು ವರ್ಷ ಅವನ ಕಾಲ ಕೆಳಗಿನ ಕಸ ಬಳಿದಿದ್ದೇನೆ. ಆವತ್ತು ಅವನ ಕಣ್ಣಿಗೆ ಬಿದ್ದೆ.

“ಇವಳ ಹೆಸರು ತೆಗೀರಿ ನಾಳೆಯಿಂದ,” ಎಂದು ಗೌರೀಶುವಿಗೆ ಹೇಳಿದ. ಆಮೇಲೆ ದನಿ ಇಳಿಸಿ ನೂಕರತ್ನಳಿಗೆ ಹೇಳಿದ: “ನೋಡಮ್ಮ, ಓದಿದೋಳು ನೀನು. ಮೊದಲು ನಿಮ್ಮಪ್ಪ ಇಳೀಲಿ. ಆಮೇಲೆ ನಿನ್ನ ಕಾಗದದ ವಿಷಯ ನೋಡೋಣ.”

“ಮೊದಲು ಸೈನ್ ಹಾಕಿ ಸಾರ್.”

ಅವನ ಕೈ ಜೇಬಿನ ಪೆನ್ನಿಗೆ ಹೋಯಿತು. ಕೈ ಅಲ್ಲೇ ನಿಂತಿತು. ಕೆಳಗೆ ಬಂತು. ಹೊಲಸು ಅವನ ಬೂಟಿನವರೆಗೆ ಹರಿದು ಬಂದಿತ್ತು. ಆದರೂ ಅವನು ಆ ಒಂದು ಸಾಲು ಬರೆಯಲಿಲ್ಲ.

“ಗುರುವುಲು, ನೀನಿಳಿಯೋ!”

ಚಿಕ್ಕಪ್ಪ ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡ. “ನಾನು ಹಗ್ಗ ಹಿಡಿಯೋನು ಬಾಬು. ಈ ಊರಲ್ಲಿ ಇಳಿಯೋನೇ ಇಲ್ವಂತೆ. ಹಗ್ಗ ಹಿಡಿದು ನಾನೇನು ಮಾಡ್ಲಿ?” ಎಂದು ಅಪ್ಪನ ಪಕ್ಕದಲ್ಲಿ ಕೂತ.

ಗೌರೀಶು ಕೇರಿಗೆ ಹೋಗಿ ಇನ್ನಿಬ್ಬರನ್ನು ಕರೆತಂದ. ಅವರು ಬಂದರು. ಚಪ್ಪಡಿಯ ಮೇಲೆ ಕೂತವರನ್ನು ನೋಡಿದರು. ಏನೆಂದು ಕೇಳಿ ತಿಳಿದುಕೊಂಡರು. ಅವರೂ ಇಳಿಯಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಬೀಡಿ ಹಚ್ಚಲು ಹೋದರು. ನೂಕರತ್ನ ಗದರಿದಳು: “ಮಾವ, ಗುಂಡಿ ಗಾಳಿ! ಬೆಂಕಿ ಬೇಡ!” ಬೀಡಿ ಕಿವಿಯ ಸಂದಿಗೆ ಹೋಯಿತು.

ಆಫೀಸರ್ ಫೋನ್ ಮಾಡಿದ. ಒಂದು ಗಂಟೆಯಲ್ಲಿ ಪಕ್ಕದ ಊರಿನಿಂದ ಟ್ಯಾಂಕರ್ ಗಾಡಿ ಬಂತು. ಡ್ರೈವರ್ ದಪ್ಪ ಪೈಪನ್ನು ಗುಂಡಿಗೆ ಬಿಟ್ಟು ಮೋಟಾರು ಹಚ್ಚಿದ. ಅರ್ಧ ಗಂಟೆ ಆಗಲಿಲ್ಲ. ಗುಂಡಿ ಬರಿದಾಯಿತು. ಡ್ರೈವರನ ಚಪ್ಪಲಿಗೂ ಹೊಲಸು ತಗುಲಲಿಲ್ಲ.

ಅಪ್ಪ ಎದ್ದು ಹೋಗಿ ಗಾಡಿಯ ಸುತ್ತ ಒಂದು ಸುತ್ತು ಬಂದ.

“ಇದು ಯಾವಾಗ ಬಂತು ತಮ್ಮಾ?”

“ಎಂಟು ವರ್ಷ ಆಯ್ತು ತಾತ. ಫೋನ್ ಮಾಡಿದ್ರೆ ಬರ್ತೀವಿ.”

ಎಂಟು ವರ್ಷ. ಮಾವ ಸತ್ತು ಐದು ವರ್ಷ. ಅಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕುವುದು ನನಗೆ ಕಂಡಿತು. ಅವನು ಕೂಗಾಡಲಿಲ್ಲ. ಗಾಡಿಯ ಗಾಲಿಗೆ ಹಣೆ ಆನಿಸಿ ನಿಂತುಬಿಟ್ಟ. ನಾವು ಬಿಡಿಸಿಕೊಂಡು ಬರಬೇಕಾಯಿತು.

ಮಧ್ಯಾಹ್ನದ ಬಸ್ಸು ಹಿಡಿದು ಜಿಲ್ಲಾ ಆಫೀಸು ಮುಟ್ಟಿದಾಗ ನಾಲ್ಕು ಗಂಟೆ. ಅಲ್ಲಿ ಕನ್ನಡಕದ ಹೆಂಗಸೊಬ್ಬಳು ಕಾಗದ ನೋಡಿದಳು. ಕೆಟ್ಟವಳೇನಲ್ಲ. ಕೂರಲು ಹೇಳಿದಳು.

“ಈ ಕೆಲಸಾನೇ ಇಲ್ಲ ಅಂತ ಅವರು ಬರೆದಿದಾರಲ್ಲಮ್ಮ. ಇಲ್ಲದ ಕೆಲಸದವರ ಮಕ್ಕಳಿಗೆ ನಾವು ಹೆಂಗೆ ಕೊಡೋದು?”

“ಅದು ಸುಳ್ಳು ಮೇಡಂ. ಅದಕ್ಕೇ ಬಂದಿರೋದು.”

“ದೂರು ಕೊಟ್ಟುಹೋಗು. ವಿಚಾರಣೆ ಮಾಡ್ತಾರೆ. ಆದ್ರೆ ಅರ್ಜಿ ಇವತ್ತು ಐದಕ್ಕೆ ಮುಚ್ಚುತ್ತೆ. ವಿಚಾರಣೆಗೆ ತಿಂಗಳುಗಟ್ಟಲೆ ಹಿಡಿಯುತ್ತೆ.”

ದೂರು ಕೊಟ್ಟೆವು. ಐದು ಗಂಟೆಯಾಯಿತು. ಆ ಹೆಂಗಸು ಕಂಪ್ಯೂಟರ್ ಆರಿಸಿ, ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದಳು.

ಸೀಟು ಹೋಯಿತು. ಯಾರೋ ಬೇರೆಯವರಿಗೆ ಸಿಕ್ಕಿತು. ನೂಕರತ್ನ ಒಂದು ವಾರ ಹೊಸ್ತಿಲು ದಾಟಲಿಲ್ಲ. ಗೋಡೆ ಕಡೆ ಮುಖ ಹಾಕಿ ಮಲಗಿರುತ್ತಿದ್ದಳು. ಎಬ್ಬಿಸಲು ಹೋದರೆ, “ನಾನು ಮೊದಲೇ ಅಪ್ಪನಿಗೆ ಕಾಗದ ಓದಿ ಹೇಳ್ದೇ ಇದ್ದಿದ್ರೆ? ಅಪ್ಪ ಇಳಿದಿದ್ರೆ ಅವನು ಸೈನ್ ಹಾಕ್ತಿದ್ನೇನೋ,” ಎಂದಳು.

“ಹಾಕ್ತಿರ್ಲಿಲ್ಲ ಕಣೇ.”

“ನಿನಗೆ ಹೆಂಗೆ ಗೊತ್ತು?”

ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ಆ ಪ್ರಶ್ನೆ ನಮ್ಮ ಮನೆಯಲ್ಲೇ ಉಳಿದಿದೆ.

ಅವಳು ಊರಿನ ಸರ್ಕಾರಿ ಕಾಲೇಜಿನಲ್ಲೇ ಬಿ.ಎಸ್ಸಿ. ಸೇರಿದಳು. ಅಪ್ಪ ಈಗ ಹಣ್ಣಿನ ಮಂಡಿಯಲ್ಲಿ ಮೂಟೆ ಹೊರುತ್ತಾನೆ. ಎರಡು ಹಾರ್ನ್ ಕೇಳಿದರೆ ಕಾಲು ಏಳುತ್ತದೆ, ಅವನು ಅದನ್ನು ಹಿಡಿದು ಕೂರಿಸುತ್ತಾನೆ. ನಾನು ಸಿಗಡಿ ಶೆಡ್ಡಿಗೆ ಹೋಗುತ್ತೇನೆ. ಮಂಜುಗಡ್ಡೆಯಲ್ಲಿ ಕೈಯಿಟ್ಟು ಸಿಪ್ಪೆ ಸುಲಿಯುವುದು. ಬೆರಳ ತುದಿಗಳು ಸತ್ತಿವೆ. ದೂರಿನ ವಿಚಾರಣೆಗೆ ಇನ್ನೂ ಯಾರೂ ಬಂದಿಲ್ಲ.

ಎರಡು ತಿಂಗಳ ಮೇಲೆ ಒಂದು ಭಾನುವಾರ ಗೌರೀಶು ಬಂದ. ಈ ಸಲ ಕೇರಿಯೊಳಕ್ಕೇ ಬಂದ. ಬೈಕಿನಿಂದ ಇಳಿಯಲಿಲ್ಲ.

“ಏನಮ್ಮ ಪೈಡಮ್ಮ, ನಿನ್ನ ಜಾಗ ಇನ್ನೂ ಖಾಲಿ ಐತೆ. ಸಾಹೇಬ್ರು ದೊಡ್ಡ ಮನಸು ಮಾಡವ್ರೆ. ನಿನ್ನ ಬಾಯಿ ಬೇಡವಂತೆ. ತಂಗೀನ ಕಳಿಸು. ನಾಳೆ ಬೆಳಗ್ಗೆಯಿಂದ್ಲೇ ಪೊರಕೆ ಹಿಡೀಲಿ. ಓದಿರೋಳು, ಹಾಜರಿನೂ ಬರೀಬಹುದು.”

ನನ್ನ ಕೈಗೆ ಏನಾದರೂ ಸಿಕ್ಕಿದ್ದರೆ ಅವನ ಮೇಲೆ ಎಸೆಯುತ್ತಿದ್ದೆ. ಅಷ್ಟರಲ್ಲಿ ನೂಕರತ್ನ ಒಳಗಿನಿಂದ ಬಂದಳು. ಕೈಯಲ್ಲಿ ಕಾಲೇಜಿನ ನೋಟ್‌ಬುಕ್ಕು.

“ಏನೇನು ಕಾಗದ ತರಬೇಕು ಮೇಸ್ತ್ರಿಗಾರು?”

“ಕಾಗದ ಯಾಕಮ್ಮ?” ಗೌರೀಶು ನಕ್ಕ. “ಪೊರಕೆಗೆ ಯಾರು ಕಾಗದ ಕೇಳ್ತಾರೆ? ನೀವು ಯಾರ ಮಕ್ಳು, ನಿಮ್ಮಪ್ಪ ಏನು ಮಾಡ್ತಿದ್ದ, ಊರಿಗೆಲ್ಲ ಗೊತ್ತಿಲ್ವಾ?”

ಅವಳು ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದಳು. ಅವನ ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ ಇಟ್ಟಳು. ಮೇಲೆ ಪೆನ್ನಿಟ್ಟಳು.

“ಅದನ್ನೇ ಬರೀರಿ. ನಿಮಗೆ ಗೊತ್ತಿರೋದನ್ನ. ಕೆಳಗೆ ಸೈನ್ ಹಾಕಿ.”

ಗೌರೀಶು ನಗುವುದನ್ನು ನಿಲ್ಲಿಸಿದ. ಮೊಣಕೈಯಿಂದ ಹಾಳೆಯನ್ನು ತಳ್ಳಿದ. ಪೆನ್ನು ಮಣ್ಣಿಗೆ ಬಿತ್ತು. ಬೈಕು ತಿರುಗಿಸಿಕೊಂಡು ಹೋದ.

ನೂಕರತ್ನ ಪೆನ್ನು ಎತ್ತಿ ಲಂಗಕ್ಕೆ ಒರೆಸಿಕೊಂಡಳು. ಹೊಸ್ತಿಲ ಮೇಲೆ ಕೂತಳು.

“ಅಪ್ಪ, ಇಲ್ಲಿ ಬಾ. ಯಾವ್ಯಾವ ಗುಂಡಿಗೆ ಇಳಿದಿದೀಯ, ಹೇಳು. ಯಾವ ವರ್ಷ, ಯಾರು ಕರೆದ್ರು, ಜೊತೆಗೆ ಯಾರಿದ್ರು. ಎಲ್ಲಾ ಹೇಳು.”

“ಅದನ್ನೆಲ್ಲ ಯಾರು ನಂಬ್ತಾರೆ ಮಗಾ?”

“ನಂಬ್ದೇ ಇರ್ಲಿ. 'ಎಂದೂ ಮಾಡಿಲ್ಲ' ಅಂತ ಅವರು ಒಂದು ಹಾಳೇಲಿ ಬರೆದ್ರು. ನಾವು ಎಷ್ಟು ಹಾಳೇಲಿ ಬರೀತೀವಿ ನೋಡೋಣ. ಹೇಳು.”

ಅಪ್ಪ ಗೋಡೆಗೆ ಒರಗಿ ಕೂತ. ಆಮೇಲೆ ಕಣ್ಣು ಮುಚ್ಚಿಕೊಂಡ.

“ಕೋರ್ಟು,” ಎಂದ. “ಹಿಂದಿನ ಬೇವಿನ ಮರದ ಕೆಳಗಿಂದು. ನಿಮ್ಮಕ್ಕ ಹುಟ್ಟಿದ ವರ್ಷ. ಜಡ್ಜು ಸಾಹೇಬ್ರ ಮನೇದು ಅದಾದ ಮೇಲೆ. ಪೊಲೀಸ್ ಸ್ಟೇಷನ್ನು, ಅದು ನಾಕು ಸಲ. ಬರ್ಕೊಂಡ್ಯಾ?”

“ಬರ್ಕೊಂಡೆ. ಹೇಳು.”

ಅವನು ಹೇಳುತ್ತ ಹೋದ. ಹಾಳೆ ತುಂಬಿತು. ನೂಕರತ್ನ ಇನ್ನೊಂದು ಹರಿದಳು.